ಪರರ ನುಡಿಗಾಗಿ ಮನೆ ಮಾರಿದ ಮಹನೀಯರು: ಡಾ. ಫ. ಗು. ಹಳಕಟ್ಟಿ

ಗ್ರಂಥಗಳನ್ನು ಬರೆದು ಕೀರ್ತಿ ಪಡೆದವರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ. ಗ್ರಂಥಗಳನ್ನು ಓದಿ ಪಂಡಿತರೆನಿಸಿಕೊಂಡವರೂ ಅನೇಕರಿದ್ದಾರೆ. ಆದರೆ ಪರರು ಬರೆದುದನ್ನು ಜೀವಮಾನವಿಡೀ ಹುಡುಕಿ ಓದಿ, ಓದಿದುದನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಲಾರದೆ, ಅದನ್ನು ನಾಡವರೆಲ್ಲರ ಕೈಗೆ ಮುಟ್ಟಿಸುವುದಕ್ಕಾಗಿ ತಮ್ಮ ಗಳಿಕೆಯನ್ನೂ ಇರುವ ಮನೆಯನ್ನೂ ತೆತ್ತವರು ಎಷ್ಟು ಮಂದಿಯೆಂದು ಎಣಿಸಹೊರಟರೆ ಕೈಬೆರಳುಗಳೇ ಹೆಚ್ಚಾದಾವು. ಅಂಥ ವಿರಳರಲ್ಲಿ ಅಗ್ರಗಣ್ಯರು, ಕನ್ನಡಿಗರು ವಚನ ಪಿತಾಮಹರೆಂದು ಗೌರವಿಸುವ ಡಾ. ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಶ್ರೀಮಠದ ಆಶ್ರಯದಲ್ಲಿ ನಡೆಯುವ ವಿದ್ಯಾಲಯಗಳಲ್ಲಿ ಈ ಮಹನೀಯರ ಹೆಸರನ್ನು ಕೇಳದವರು ಯಾರೂ ಇರಲಾರರು. ಪ್ರತಿವರ್ಷ ಜುಲೈ 2ರಂದು, ವಚನ ಸಾಹಿತ್ಯ ಸಂರಕ್ಷಣಾ ದಿನದ ನಿಮಿತ್ತವಾಗಿ, ಅವರ ಭಾವಚಿತ್ರಕ್ಕೆ ಮಾಲೆಯನ್ನು ಹಾಕಿ, ನಾಲ್ಕು ಮಾತನಾಡಿ, ಮಕ್ಕಳಿಗೆ ಸಿಹಿ ಹಂಚಿ ನಾವು ಕೃತಾರ್ಥರಾಗುತ್ತೇವೆ. ಅವರು ವಚನಗಳನ್ನು ಸಂಗ್ರಹಿಸಿದರೆಂಬ ಒಂದು ವಾಕ್ಯದಲ್ಲಿ ಅವರ ಎಂಬತ್ತನಾಲ್ಕು ವರ್ಷಗಳ ಬಾಳು ಮುಗಿದುಹೋಗುತ್ತದೆ. ಅವರು ಹೇಗೆ ಓದಿದರು, ಓದಿದುದಕ್ಕಾಗಿ ಏನನ್ನು ತೆತ್ತರು, ತಮ್ಮಂತೆಯೇ ಯಾವ ಆಸರೆಯೂ ಇಲ್ಲದೆ ಬರೆದ ಇತರರಿಗೆ ಹೇಗೆ ನೆರವಾದರು ಎಂಬುದನ್ನು ವಿಚಾರಿಸುವವರು ಕಡಿಮೆ. ಈ ಸಂಚಿಕೆಯ ವಾಚಕರು ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು ಮತ್ತು ದಾನಿಗಳು. ಈ ಮೂವರಿಗೂ ಬೇಕಾದ ಪಾಠವು ಹಳಕಟ್ಟಿಯವರ ಚರಿತ್ರೆಯಲ್ಲಿದೆಯಾದ್ದರಿಂದ ಅದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲು ಯತ್ನಿಸುತ್ತೇನೆ.

ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖನವ್ಯವಸಾಯವುಳ್ಳವರು. ಆದುದರಿಂದ ಪುಸ್ತಕಗಳ ಸಹವಾಸ ಮಗನಿಗೆ ಮನೆಯಲ್ಲಿಯೇ ದೊರೆಯಿತು. ತಾಯಿ ದಾನಾದೇವಿಯವರನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ಈ ಬಾಲಕನಿಗೆ ಓದೇ ಒಂದು ಆಸರೆಯಾಯಿತೆಂದರೂ ಸಲ್ಲುತ್ತದೆ. ಧಾರವಾಡದಲ್ಲಿ ವ್ಯಾಸಂಗ ಮಾಡಿ 1896ರಲ್ಲಿ ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕ ಅವರು ಉಚ್ಚ ಶಿಕ್ಷಣಕ್ಕಾಗಿ ಮುಂಬಯಿಗೆ ತೆರಳಿ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. 1901ರಲ್ಲಿ ಬಿ.ಎ. ಪದವಿಯನ್ನೂ, 1904ರಲ್ಲಿ ಕಾನೂನಿನ ಪದವಿಯನ್ನೂ ಪಡೆದರು.

ಮುಂಬಯಿಯ ಆ ದಿನಗಳಲ್ಲಿ ಅವರ ಸಹಪಾಠಿಗಳಾಗಿದ್ದವರು ಮುಂದೆ ಕನ್ನಡ ಕುಲಪುರೋಹಿತರೆಂದು ಪ್ರಸಿದ್ಧರಾದ ಆಲೂರು ವೆಂಕಟರಾಯರು. ಇವರಿಬ್ಬರ ಬಾಳಿನಲ್ಲಿ ಒಂದು ಸೋಜಿಗದ ಹೊಂದಿಕೆಯುಂಟು. ಇಬ್ಬರೂ ಹುಟ್ಟಿದುದು 1880ರ ಜುಲೈ ತಿಂಗಳಿನಲ್ಲಿ, ಹತ್ತು ದಿನಗಳ ಅಂತರದಲ್ಲಿ. ಇಬ್ಬರೂ ಕಾಲವಶರಾದುದು 1964ರಲ್ಲಿ, ನಾಲ್ಕು ತಿಂಗಳ ಅಂತರದಲ್ಲಿ. ವಿಜಾಪುರದಲ್ಲಿ ಹುಟ್ಟಿದ ಆಲೂರರು ಧಾರವಾಡವನ್ನು ಕರ್ಮಭೂಮಿಯಾಗಿ ಮಾಡಿಕೊಂಡರು. ಧಾರವಾಡದಲ್ಲಿ ಹುಟ್ಟಿದ ಹಳಕಟ್ಟಿಯವರು ವಿಜಾಪುರವನ್ನು ಕರ್ಮಭೂಮಿಯಾಗಿ ಮಾಡಿಕೊಂಡರು. ಮರಾಠಿಗರಿಗೂ ಗುಜರಾತಿಗಳಿಗೂ ತಮ್ಮ ತಮ್ಮ ನುಡಿಯಲ್ಲಿದ್ದ ಅಭಿಮಾನವನ್ನು ಮುಂಬಯಿಯಲ್ಲಿ ಕಂಡ ಕನ್ನಡ ತರುಣರಿಗೆ ತಮ್ಮ ನಾಡಿನ ದುಃಸ್ಥಿತಿಯು ಮನಸ್ಸಿಗೆ ನಾಟದೆ ಇರಲಿಲ್ಲ.

ವಕೀಲಿಯನ್ನು ಬೆಳಗಾವಿಯಲ್ಲಿ ಆರಂಭಿಸಿದ ಹಳಕಟ್ಟಿಯವರು ಅನತಿಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆಸಿದರು. ವೃತ್ತಿ ಕೈಹತ್ತಿತು. ಪದವೀಧರ ವಕೀಲರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ ಅವರು ಮನಸ್ಸು ಮಾಡಿದ್ದರೆ ಸುಖವಾಗಿ ಬದುಕಿ, ಮಕ್ಕಳು ಮೊಮ್ಮಕ್ಕಳಿಗೆ ಆಸ್ತಿಯನ್ನು ಬಿಟ್ಟುಹೋಗಬಹುದಾಗಿತ್ತು. ಅವರ ಮನಸ್ಸು ಆ ಕಡೆಗೆ ಹರಿಯಲಿಲ್ಲ. 1910ರಲ್ಲಿ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಯಲ್ಲಿ ಅವರು ಮುಂದಾಳುಗಳಾದರು, ಇಂದು ಬಿ.ಎಲ್.ಡಿ.ಇ. ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತವಾಗಿರುವ ಸಂಸ್ಥೆ ಅದೇ. 1912ರಲ್ಲಿ ಸಿದ್ಧೇಶ್ವರ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ನಗರಸಭೆಯಲ್ಲಿಯೂ, ಮುಂದೆ ಮುಂಬಯಿ ವಿಧಾನ ಪರಿಷತ್ತಿನಲ್ಲಿಯೂ ಸದಸ್ಯರಾಗಿ ದುಡಿದರು. ಇಷ್ಟೇ ಆಗಿದ್ದರೆ ಅವರು ಒಂದು ಜಿಲ್ಲೆಯ ಹಿರಿಯರೆಂದು ಸ್ಮರಣೀಯರಾಗುತ್ತಿದ್ದರು. ನಾಡಿಗೆ ಹಿರಿಯರಾದುದು ಓದಿನಿಂದ.

ಆ ಓದಿನ ಆರಂಭ 1903ರ ಸುಮಾರಿನದು. ರಬಕವಿ ಬನಹಟ್ಟಿಯ ಕಡೆಗೆ ಹೋಗಿದ್ದಾಗ ಅಲ್ಲಿಯ ಮನೆಯೊಂದರಲ್ಲಿ ಅವರಿಗೆ ತಾಡೋಲೆಯ ಕಟ್ಟುಗಳ ದರ್ಶನವಾಯಿತು. ಷಟ್‌ಸ್ಥಲತಿಲಕ, ಪ್ರಭುದೇವರ ವಚನ ಮೊದಲಾದುವನ್ನು ಅಲ್ಲಿ ಕಂಡ ಆ ತರುಣನು ತಾನು ಅದುವರೆಗೆ ಓದಿದ ಇಂಗ್ಲಿಷ್ ಗ್ರಂಥಗಳಿಗೆ ಯಾವ ವಿಧದಲ್ಲಿಯೂ ಕಡಿಮೆಯಲ್ಲದ ವಿಚಾರಸಂಪತ್ತು ತನ್ನ ಮನೆಮಾತಿನಲ್ಲಿಯೇ ಮಣ್ಣುಗೂಡುತ್ತಿದೆಯೆಂಬುದನ್ನು ಮನಗಂಡನು. ಅಂದಿನಿಂದ ಅವರು ಓಲೆಗಟ್ಟುಗಳನ್ನು ಅರಸುತ್ತ ಊರೂರು ತಿರುಗಿದರು. ಮಠಗಳಲ್ಲಿ, ಅಯ್ಯನವರ ಮನೆಗಳಲ್ಲಿ, ವ್ಯಾಪಾರಸ್ಥರ ಅಟ್ಟಗಳಲ್ಲಿ ದೊರೆತುದನ್ನೆಲ್ಲ ಕೇಳಿ ಪಡೆದರು. ಕೊಡಲೊಲ್ಲದವರಲ್ಲಿ ಕುಳಿತು ಪ್ರತಿಮಾಡಿಕೊಂಡರು.

ಓಲೆಯ ಪ್ರತಿಯನ್ನು ಓದುವುದೆಂದರೆ ಅಚ್ಚಿನ ಪುಸ್ತಕವನ್ನು ಓದಿದಂತಲ್ಲ. ಕಬ್ಬಿಣದ ಕಂಠದಿಂದ ಗರಿಯ ಮೇಲೆ ಕೊರೆದ ಅಕ್ಷರಗಳಿಗೆ ಮಸಿಯನ್ನು ಸವರಿ ಒರಸಿದ ಹೊರತು ಅವು ಕಣ್ಣಿಗೆ ಕಾಣವು. ಪದಕ್ಕೂ ಪದಕ್ಕೂ ನಡುವೆ ಎಡೆಯಿಲ್ಲ. ವಾಕ್ಯ ಎಲ್ಲಿ ಮುಗಿಯಿತೆಂಬುದಕ್ಕೆ ಚಿಹ್ನೆಯಿಲ್ಲ. ಹ್ರಸ್ವ ಎಕಾರ ದೀರ್ಘ ಏಕಾರಗಳಿಗೂ, ಒಕಾರ ಓಕಾರಗಳಿಗೂ ಅನೇಕ ಪ್ರತಿಗಳಲ್ಲಿ ಭೇದವೇ ಕಾಣದು. ಹುಳು ತಿಂದ ಕಡೆ, ಅಂಚು ಮುರಿದ ಕಡೆ, ಲಿಪಿಕಾರನು ನಿದ್ದೆಗಣ್ಣಿನಲ್ಲಿ ಒಂದು ಸಾಲನ್ನು ಹಾರಿದ ಕಡೆ ಓದುವವನು ತನ್ನ ಬುದ್ಧಿಯನ್ನೇ ದೀಪವಾಗಿ ಹಿಡಿಯಬೇಕು. ಒಂದೇ ಕಟ್ಟಿನಲ್ಲಿ ಹತ್ತಾರು ಶರಣರ ಮಾತುಗಳು ಕಲೆತಿರುತ್ತವೆ. ಅವುಗಳನ್ನು ಬೇರ್ಪಡಿಸಲು ಮುಖ್ಯ ಆಧಾರ ಕೊನೆಯಲ್ಲಿ ಬರುವ ಅಂಕಿತ.

ಇದಕ್ಕೆ ನಮ್ಮ ಸೀಮೆಯದೇ ಒಂದು ನಿದರ್ಶನವನ್ನು ಕೊಡಬಹುದು. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರ ಕ್ಷೇತ್ರದ ಶರಣದಂಪತಿಗಳಾದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರನ್ನು ಅರಿಯದವರಿಲ್ಲ. ಮಾರಯ್ಯನ ಅಂಕಿತ ಅಮರೇಶ್ವರಲಿಂಗ. ಲಕ್ಕಮ್ಮನದು ಮಾರಯ್ಯಪ್ರಿಯ ಅಮರೇಶ್ವರಲಿಂಗ. ಲಿಪಿಕಾರನು ಒಂದು ಪದವನ್ನು ಮರೆತರೆ ಹೆಂಡತಿಯ ವಚನವು ಗಂಡನ ಲೆಕ್ಕಕ್ಕೆ ಸೇರಿಹೋಗುತ್ತದೆ. ಎಂಟು ನೂರು ವರ್ಷಗಳ ಹಿಂದೆ ಬೀದಿಯ ಅಕ್ಕಿಯಿಂದ ಬಾಳಿದ ಒಬ್ಬ ಹೆಣ್ಣುಮಗಳ ನುಡಿ ಹೆಸರಿಲ್ಲದೆ ಅಳಿದುಹೋಗುತ್ತದೆ. ಓದುಗನ ಎಚ್ಚರವೆಂಬುದು ಬರೆದವರಿಗೆ ಸಲ್ಲಬೇಕಾದ ನ್ಯಾಯವೆಂಬುದನ್ನು ಇದರಿಂದ ಅರಿಯಬಹುದು. ಹಳಕಟ್ಟಿಯವರಂಥ ನ್ಯಾಯವಾದಿಗಳು ಈ ಕಾರ್ಯಕ್ಕೆ ಕೈಹಾಕಿದುದು ನುಡಿಯ ಪುಣ್ಯ.

ಕನ್ನಡದ ಪೂರ್ವಕವಿಗಳಲ್ಲಿ ಬಹುಮಂದಿಗೆ ಅರಸರ ಆಶ್ರಯವಿತ್ತು. ಪಂಪನಿಗೆ ಅರಿಕೇಸರಿ, ರನ್ನನಿಗೆ ಚಾಳುಕ್ಯ ಚಕ್ರವರ್ತಿ ಆಶ್ರಯದಾತರಾಗಿದ್ದರು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದರೂ ಅವರ ವಚನಗಳು ಆಸ್ಥಾನಕ್ಕಾಗಿ ಹುಟ್ಟಿದುವಲ್ಲ. ಉಳಿದ ಶರಣರಲ್ಲಿ ನೇಕಾರರು, ಅಂಬಿಗರು, ಮಡಿವಾಳರು, ಚಮ್ಮಾರರು, ಅಕ್ಕಿ ಆಯುವವರು ಇದ್ದರು. ಯಾವ ದೊರೆಯ ಹಂಗೂ ಇಲ್ಲದೆ ಕಾಯಕದ ನಡುವೆ ನುಡಿದ ಸ್ವತಂತ್ರರು ಅವರು. ಸ್ವಾತಂತ್ರ್ಯಕ್ಕೆ ಒಂದು ಬೆಲೆಯೂ ಉಂಟು. ಆಸ್ಥಾನಕವಿಯ ಕಾವ್ಯವನ್ನು ಅರಮನೆ ಪ್ರತಿಮಾಡಿಸಿ ಕಾಪಾಡೀತು. ಅಂಬಿಗನ ನುಡಿಯನ್ನು ಕಾಪಾಡುವವರು ಯಾರು? ಕಲ್ಯಾಣದ ಕ್ರಾಂತಿಯ ತರುವಾಯ ಭಕ್ತರು ಅದನ್ನು ಕಾಪಾಡಿದರು. ವಿಜಯನಗರದ ಕಾಲದ ವಿರಕ್ತರು ಸಂಕಲಿಸಿದರು. ಮಠಗಳು ಜೋಪಾನ ಮಾಡಿದವು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೆಲವು ವಚನಗಳು ಅಚ್ಚನ್ನೂ ಕಂಡಿದ್ದುವು. ಆದರೂ ಹಳಕಟ್ಟಿಯವರು ಈ ಕಾರ್ಯಕ್ಕೆ ತೊಡಗುವ ಹೊತ್ತಿಗೆ ಹೆಸರು ತಿಳಿದಿದ್ದ ವಚನಕಾರರು ಐವತ್ತರ ಆಸುಪಾಸು. ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರನ್ನು ಮೀರಿತು. ಎಂಟು ಶತಮಾನಗಳ ಹಿಂದಿನ ಇಷ್ಟು ಮಂದಿ ಸಹಲೇಖಕರಿಗೆ ಒಬ್ಬ ಲೇಖಕನು ಹೆಗಲು ಕೊಟ್ಟ ಇಂಥ ದೃಷ್ಟಾಂತ ದುರ್ಲಭ.

ಓದಿ ಸಂಗ್ರಹಿಸಿದುದನ್ನು ವಿಷಯಾನುಕ್ರಮವಾಗಿ ವಿಂಗಡಿಸಿ ಅವರು ವಚನಶಾಸ್ತ್ರಸಾರವೆಂಬ ಗ್ರಂಥದ ಮೊದಲ ಭಾಗವನ್ನು ಸಿದ್ಧಪಡಿಸಿದರು. ಅಂದು ಕನ್ನಡ ಮುದ್ರಣಕ್ಕೆ ಹೆಸರಾಗಿದ್ದ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹಸ್ತಪ್ರತಿಯನ್ನು ಮುಂಗಡ ಹಣದೊಂದಿಗೆ ಕಳುಹಿಸಿದರು. ಅಲ್ಲಿಯವರು ಅದನ್ನು ಮುದ್ರಿಸಲೊಪ್ಪದೆ ಹಿಂದಿರುಗಿಸಿದರು. ಬೇರೊಬ್ಬರಾಗಿದ್ದರೆ ಅಲ್ಲಿಗೆ ಕೈಬಿಡುತ್ತಿದ್ದರೇನೋ. ಹಳಕಟ್ಟಿಯವರು ಬೆಳಗಾವಿಯ ಮಹಾವೀರ ಮುದ್ರಣಾಲಯದ ಬಾಗಿಲಿಗೆ ಹೋದರು. 1923ರಲ್ಲಿ ಗ್ರಂಥವು ಬೆಳಕಿಗೆ ಬಂದಿತು. ಅದನ್ನು ಕಂಡು ಕನ್ನಡ ವಿದ್ವಲ್ಲೋಕವು ಬೆರಗಾಯಿತು. ಕನ್ನಡದಲ್ಲಿ ಇಂಥ ಗದ್ಯವಿದ್ದಿತೇ, ಇಂಥ ಧೀರವಿಚಾರವಿದ್ದಿತೇ ಎಂದು ವಿಸ್ಮಯಪಟ್ಟವರಲ್ಲಿ ವೀರಶೈವರಲ್ಲದ ಹಿರಿಯರೂ ಅನೇಕರಿದ್ದರು. ಇದಕ್ಕೆ ಒಂದು ವರ್ಷದ ಹಿಂದೆಯೇ, 1922ರಲ್ಲಿ, ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವನ್ನು ಅವರು ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಪ್ರಕಟಿಸಿದ್ದರು.

ಪ್ರತಿಯೊಂದು ಗ್ರಂಥಕ್ಕೂ ಪರವೂರಿನ ಅಚ್ಚುಕೂಟದ ಬಾಗಿಲನ್ನು ಕಾಯುವುದು ಕಷ್ಟವೆಂದು ತೋರಿದುದರಿಂದ ಅವರು 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಅದರ ಬಂಡವಾಳಕ್ಕಾಗಿ ತಮ್ಮ ಸ್ವಂತ ಮನೆಯನ್ನು ಮಾರಿದರು. ಆ ಮೇಲೆ ಬಾಳಿನುದ್ದಕ್ಕೂ ಅವರದು ಬಾಡಿಗೆಯ ಮನೆ. ಗೃಹಸ್ಥನಾದವನು ಮನೆಯನ್ನು ಮಾರುವ ಸಂದರ್ಭಗಳನ್ನು ನಾವು ಬಲ್ಲೆವು: ಸಾಲ, ಮಗಳ ಮದುವೆ, ರೋಗರುಜಿನ. ಬಸವಣ್ಣ ಅಲ್ಲಮರ, ಮಾರಯ್ಯ ಲಕ್ಕಮ್ಮರ ಮಾತುಗಳಿಗೆ ಒಂದು ಮನೆಯಾಗಲೆಂದು ತನ್ನ ಮನೆಯನ್ನು ಮಾರಿದ ಗೃಹಸ್ಥನನ್ನು ಮತ್ತೆಲ್ಲಿ ಕಾಣಬೇಕು? ಅವರ ಮನೆಮಂದಿ ಅದನ್ನು ಹೇಗೆ ಸಹಿಸಿರಬೇಕೆಂಬುದನ್ನು ನೆನೆದರೆ ಕಣ್ಣು ತೇವವಾಗುತ್ತದೆ. ತ್ಯಾಗಿಗಳ ಚರಿತ್ರೆಯನ್ನು ಹಾಡುವಾಗ ಅವರೊಡನೆ ಬಡತನವನ್ನು ಹಂಚಿಕೊಂಡ ಹೆಂಡಿರು ಮಕ್ಕಳನ್ನು ಮರೆಯುವುದು ನಮ್ಮ ದೊಡ್ಡ ದೋಷ.

1926ರಲ್ಲಿ ಶಿವಾನುಭವ ಪತ್ರಿಕೆಯು ತ್ರೈಮಾಸಿಕವಾಗಿ ಆರಂಭವಾಯಿತು. ಮರುವರ್ಷ, 1927ರಲ್ಲಿ, ನವಕರ್ನಾಟಕ ವಾರಪತ್ರಿಕೆಯು ಹೊರಟಿತು. ಶಿವಾನುಭವವು ಮೂರು ದಶಕಗಳನ್ನು ಮೀರಿ ನಡೆಯಿತು. ಈ ಪತ್ರಿಕೆಯ ಮಹತ್ತ್ವವನ್ನು ಅಧ್ಯಾಪಕರಾದ ನಾವು ವಿಶೇಷವಾಗಿ ಗಮನಿಸಬೇಕು. ಗ್ರಂಥಾಲಯಗಳು ವಿರಳವಾಗಿದ್ದ, ಯಾವ ಪುಸ್ತಕವನ್ನು ಓದಬೇಕೆಂದು ಹೇಳುವವರಿಲ್ಲದ ಆ ಕಾಲದಲ್ಲಿ ವರ್ಷಕ್ಕೆ ನಾಲ್ಕು ಬಾರಿ ಮನೆಯ ಬಾಗಿಲಿಗೆ ಬರುವ ಈ ಸಂಚಿಕೆಗಳೇ ಕನ್ನಡ ಗೃಹಸ್ಥನಿಗೆ ಆ ವರ್ಷದ ಓದಿನ ಪಟ್ಟಿಯಾಗಿದ್ದುವು. ಒಬ್ಬ ಶರಣನ ಚರಿತ್ರೆ, ಒಂದು ರಗಳೆ, ಕೆಲವು ವಚನಗಳು, ಅವುಗಳ ವಿವರಣೆ, ಒಂದು ಚರ್ಚೆ, ಹೀಗೆ ಹದವರಿತು ಬಡಿಸಿದ ಎಡೆಯಂತೆ ಅವು ಇರುತ್ತಿದ್ದುವು. ಹರಿಹರನ ರಗಳೆಗಳು, ಶೂನ್ಯಸಂಪಾದನೆ ಮೊದಲಾದ ಹಿರಿಯ ಗ್ರಂಥಗಳೂ ಹಳಕಟ್ಟಿಯವರ ಕೈಯಿಂದ ಅಚ್ಚಿನ ಲೋಕಕ್ಕೆ ಬಂದುವು. ತಾನು ಓದಿದುದನ್ನು ವರ್ಷವರ್ಷವೂ ಲೆಕ್ಕವಿಟ್ಟು ನಾಡಿಗೆ ಒಪ್ಪಿಸುವ ಈ ಪರಿ ಒಂದು ವ್ರತದಂತಿತ್ತು.

ಪತ್ರಿಕೆಯು ಅವರೊಬ್ಬರ ಬರಹಕ್ಕೆ ಮೀಸಲಾಗಿರಲಿಲ್ಲ. ವಿಶ್ವವಿದ್ಯಾನಿಲಯದ ಪೀಠವಾಗಲಿ ಸರಕಾರದ ಅನುದಾನವಾಗಲಿ ಇಲ್ಲದೆ ತಮ್ಮ ಪಾಡಿಗೆ ತಾವು ವಿದ್ಯಾವ್ಯಾಸಂಗ ಮಾಡುತ್ತಿದ್ದ ಲೇಖಕರಿಗೂ ಅದರ ಪುಟಗಳು ತೆರೆದಿದ್ದುವು. ಶರಣಸಾಹಿತ್ಯದ ಬಗೆಗೆ ಬರೆದರೆ ಅಚ್ಚುಹಾಕುವವರಿದ್ದಾರೆ, ಓದುವವರಿದ್ದಾರೆ ಎಂಬ ಭರವಸೆಯಿಂದಲೇ ಅನೇಕರ ಲೇಖನಿಗೆ ಚೈತನ್ಯ ಬಂದಿತು. ಅದೇ ಕಾಲದಲ್ಲಿ ಕ್ರೈಸ್ತ ಧರ್ಮೋಪದೇಶಕರಾಗಿದ್ದ ರೆವರೆಂಡ್ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳಿಗಾಗಿ ಹಳ್ಳಿ ಹಳ್ಳಿ ಅಲೆದು 1924ರಲ್ಲಿ ಅವುಗಳ ಸಂಗ್ರಹವನ್ನು ಹೊರತಂದಿದ್ದರು. ಹರ್ಡೇಕರ ಮಂಜಪ್ಪನವರು ತಮ್ಮ ಲೇಖನ ಭಾಷಣಗಳಿಂದ ಬಸವತತ್ತ್ವವನ್ನು ಪ್ರಸಾರ ಮಾಡುತ್ತಿದ್ದರು. ಇವರೆಲ್ಲ ಒಂದೇ ದಾರಿಯ ಪಯಣಿಗರು. ಮತ ಬೇರೆಯಾದರೂ ವೃತ್ತಿ ಬೇರೆಯಾದರೂ ಕನ್ನಡದ ಸ್ವತಂತ್ರ ನುಡಿಯನ್ನು ಉಳಿಸುವ ಕಾಯಕವು ಎಲ್ಲರಿಗೂ ಸಮಾನವಾಗಿತ್ತು.

ಪತ್ರಿಕೆಯನ್ನು ನಡೆಯಿಸುವ ಕಷ್ಟವನ್ನು ಬಲ್ಲವರೇ ಬಲ್ಲರು. ಮೊಳೆ ಜೋಡಿಸುವವರಿಗೆ ವಾರದ ಕೂಲಿ ಸಲ್ಲಬೇಕು; ಕಾಗದದ ವ್ಯಾಪಾರಿಗೆ ನಗದು ಬೇಕು; ಅಂಚೆಯ ವೆಚ್ಚ ಕೈಯಿಂದಲೇ ಹೋಗಬೇಕು. ಚಂದಾದಾರನಾದರೋ ಸಂಚಿಕೆಯನ್ನು ಪಡೆದು ಚಂದಾಹಣವನ್ನು ಮುಂದಿನ ವರ್ಷಕ್ಕೆ ಮುಂದೂಡುತ್ತಾನೆ. ಹಳಕಟ್ಟಿಯವರ ಪಾಡೂ ಇದಕ್ಕೆ ಹೊರತಾಗಿರಲಿಲ್ಲ. ವಕೀಲಿಯಿಂದ ಬಂದುದು ಅಚ್ಚುಕೂಟಕ್ಕೆ ಹೋಯಿತು. ವಕೀಲಿಯೂ ಕ್ರಮೇಣ ಹಿಂದೆ ಬಿದ್ದಿತು. ಸಂಪಾದಕರೂ ಅವರೇ, ಕರಡಚ್ಚು ತಿದ್ದುವವರೂ ಅವರೇ, ಕಟ್ಟು ಕಟ್ಟಿ ಅಂಚೆಗೆ ಕಳುಹಿಸುವ ವ್ಯವಸ್ಥೆ ನೋಡುವವರೂ ಅವರೇ ಆದರು. ರಾವ್ ಸಾಹೇಬ, ರಾವ್ ಬಹಾದ್ದೂರ ಎಂಬ ಬಿರುದುಗಳು ಬಂದರೂ ಅವರ ಉಡಿಗೆಯ ಬಡತನ ಹಾಗೆಯೇ ಉಳಿಯಿತು. ಅಷ್ಟಾದರೂ ಕಾರ್ಯ ನಿಲ್ಲಲಿಲ್ಲ. ಅವರು ಬರೆದ, ಸಂಪಾದಿಸಿದ ಗ್ರಂಥಗಳು ನೂರನ್ನು ಮೀರುತ್ತವೆ.

ಪಂಡಿತನಾದವನು ಗುಣದೋಷಗಳೆರಡನ್ನೂ ಹೇಳಬೇಕಷ್ಟೆ. ಹಳಕಟ್ಟಿಯವರು ಪ್ರಕಟಿಸಿದ ಪಾಠಗಳೆಲ್ಲವೂ ನಿರ್ದುಷ್ಟವಾದುವಲ್ಲ. ಹಲವು ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ಅಡಿಯಲ್ಲಿ ಸೂಚಿಸುವ ಶಾಸ್ತ್ರೀಯ ಸಂಪಾದನೆಗೆ ಬೇಕಾದ ವಿರಾಮವಾಗಲಿ, ಸಹಾಯಕರಾಗಲಿ ಅವರಿಗಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಒಡವೆಗಳನ್ನು ಒಪ್ಪವಾಗಿ ಜೋಡಿಸಿ ಹೊರತರುವವರಾರು? ಮೊದಲು ಕೈಗೆ ಸಿಕ್ಕುದನ್ನು ಹೊರತರಬೇಕು. ಶಿ. ಶಿ. ಬಸವನಾಳರಂಥ ವಿದ್ವಾಂಸರು ಮುಂದೆ ಬಂದು ಪಾಠಶೋಧನೆಯ ಕಾರ್ಯವನ್ನು ನಡೆಯಿಸಿದರು. ತಿದ್ದುವುದಕ್ಕೆ ಒಂದು ಪಾಠ ಉಳಿದುದೇ ಹಳಕಟ್ಟಿಯವರಿಂದ ಎಂಬುದನ್ನು ಅವರನ್ನು ತಿದ್ದಿದವರೂ ಮನ್ನಿಸಿದ್ದಾರೆ.

ನಾಡು ಅವರನ್ನು ಪೂರ್ತಿಯಾಗಿ ಮರೆಯಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನಡೆದ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪದವಿಯು ಅವರಿಗೆ ಸಂದಿತು. ಕರ್ನಾಟಕವು ಒಂದಾದ ವರ್ಷವಾದ 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ನೀಡಿತು. ಆಗ ಅವರ ವಯಸ್ಸು ಎಪ್ಪತ್ತಾರು. 1964ರ ಜೂನ್ 29ರಂದು ಅವರು ಲಿಂಗೈಕ್ಯರಾದರು. ಅವರು ಬಿತ್ತಿದ ಬೀಜವು ಫಲಿಸಿ, 1993ರಲ್ಲಿ ಕರ್ನಾಟಕ ಸರಕಾರವು ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಅವುಗಳಲ್ಲಿರುವ ವಚನಗಳ ಸಂಖ್ಯೆ ಇಪ್ಪತ್ತು ಸಾವಿರವನ್ನು ಮೀರುತ್ತದೆ. ಅವರು ಬಾಳಿದ ಊರಿನಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ಇದೆ.

ಇನ್ನು ನಮ್ಮ ಸೀಮೆಯ ಮಾತು. ಹಳಕಟ್ಟಿಯವರ ಶಿವಾನುಭವವು ಹೊರಡುತ್ತಿದ್ದ ಕಾಲದಲ್ಲಿ ವಿಜಾಪುರವು ಮುಂಬಯಿ ಪ್ರಾಂತದಲ್ಲಿದ್ದರೆ ರಾಯಚೂರು ನಿಜಾಮ ಸಂಸ್ಥಾನದಲ್ಲಿತ್ತು. ನಡುವೆ ಹರಿಯುವ ಕೃಷ್ಣೆಯ ನೀರು ಒಂದೇ ಆದರೂ ಎರಡೂ ಕಡೆಯ ಆಡಳಿತ ಬೇರೆ, ಶಾಲೆಯ ಭಾಷೆ ಬೇರೆ. ಇಲ್ಲಿ ಕಛೇರಿಯೂ ಪಾಠಶಾಲೆಯೂ ಉರ್ದುವಿನಲ್ಲಿ ನಡೆಯುತ್ತಿದ್ದುವು. ಕನ್ನಡವು ಮನೆಯಲ್ಲಿ, ಮಠದಲ್ಲಿ, ಭಜನೆಯಲ್ಲಿ, ಪುರಾಣದ ಕಟ್ಟೆಯಲ್ಲಿ ಉಸಿರು ಹಿಡಿದುಕೊಂಡಿತ್ತು. ಅಂಥ ದಿನಗಳಲ್ಲಿ, 1934ರಲ್ಲಿ, ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಜರುಗಿದುದು ಸಾಮಾನ್ಯ ಸಂಗತಿಯಲ್ಲ. 1948ರಲ್ಲಿ ಸಂಸ್ಥಾನದ ವಿಲೀನವಾಗಿ, 1956ರಲ್ಲಿ ನಾವು ಕರ್ನಾಟಕವನ್ನು ಕೂಡಿದೆವು. 2016ರಲ್ಲಿ ಮತ್ತೊಮ್ಮೆ ರಾಯಚೂರಿಗೆ ಸಮ್ಮೇಳನದ ಭಾಗ್ಯ ಒದಗಿತು.

ನಮ್ಮ ನೆಲವು ನುಡಿಯ ವಿಷಯದಲ್ಲಿ ಬಡವಾದುದಲ್ಲ. ಅಮರೇಶ್ವರದ ದಂಪತಿಗಳನ್ನು ಆಗಲೇ ನೆನೆದೆವು. ದೇವದುರ್ಗಕ್ಕೆ ನೆರೆಯಾದ ಸುರಪುರ ಸೀಮೆಯ ಮುದನೂರು ನೇಕಾರ ಶರಣನಾದ ದೇವರ ದಾಸಿಮಯ್ಯನ ಊರು. ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದರು. ಮಾನ್ವಿಯಲ್ಲಿ ನೆಲಸಿದ ಜಗನ್ನಾಥದಾಸರು ಹರಿಕಥಾಮೃತಸಾರವನ್ನು ತಿಳಿಗನ್ನಡದಲ್ಲಿ ರಚಿಸಿದರು. ಶರಣರೂ ದಾಸರೂ ನಡೆದಾಡಿದ ಈ ನೆಲದ ಮನೆಗಳಲ್ಲಿ ಇಂದಿಗೂ ಅಲ್ಲಲ್ಲಿ ಹಳೆಯ ಕಟ್ಟುಗಳು ಕೆಂಪು ಬಟ್ಟೆಯಲ್ಲಿ ಸುತ್ತಲ್ಪಟ್ಟು ಜಗಲಿಯ ಮೇಲಿವೆ. ಶ್ರಾವಣದಲ್ಲಿ ಅವುಗಳಿಗೆ ವಿಭೂತಿ ಗಂಧಗಳು ಸಲ್ಲುತ್ತವೆ, ಬಿಚ್ಚಿ ಓದುವವರಿಲ್ಲ. ಓದದೆ ಪೂಜಿಸುವುದು ಪುಸ್ತಕವನ್ನು ಕಳೆದುಕೊಳ್ಳುವ ಭಕ್ತಿಪೂರ್ವಕವಾದ ಉಪಾಯ.

ಹಳಕಟ್ಟಿಯವರಿಗೂ ನಾವು ಹೀಗೆಯೇ ಮಾಡುತ್ತಿದ್ದೇವೆಯೇ ಎಂದು ನನಗೆ ಶಂಕೆ. ಇದನ್ನು ಬೇರೆಯವರ ಮೇಲೆ ಹೊರಿಸದೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಜುಲೈ 2ರ ಸಮಾರಂಭದಲ್ಲಿ ಹಳಕಟ್ಟಿಯವರ ತ್ಯಾಗವನ್ನು ಕುರಿತು ನಾನು ಒಂದು ಗಂಟೆ ಮಾತನಾಡಿ ವೇದಿಕೆಯಿಂದ ಇಳಿದೆ. ಹಳ್ಳಿಯ ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಸಂಕೋಚದಿಂದ ಬಂದು ತಾವು ಅಚ್ಚುಹಾಕಿಸಿದ ಸಣ್ಣ ಪುಸ್ತಕವೊಂದನ್ನು ಕೈಗಿತ್ತರು. ಸಂಬಳದಲ್ಲಿ ಉಳಿಸಿದ ಹಣದಿಂದ ಮುದ್ರಿಸಿದೆನೆಂದೂ, ಬಿಡುವಾದಾಗ ಓದಿ ಒಂದು ಮಾತು ಬರೆಯಬೇಕೆಂದೂ ಬೇಡಿದರು. ಗೌರವ ಪ್ರತಿಯೆಂದು ಅದನ್ನು ಪಡೆದು ಚೀಲಕ್ಕೆ ಹಾಕಿದೆ. ಬೆಲೆಯನ್ನು ಕೊಡಲಿಲ್ಲ, ಓದಲೂ ಇಲ್ಲ. ಎರಡು ವರ್ಷಗಳ ಮೇಲೆ ಅಲಮಾರಿಯನ್ನು ಒಪ್ಪಮಾಡುವಾಗ ಹಾಳೆ ಬಿಡಿಸದ ಆ ಪುಸ್ತಕ ಕೈಗೆ ಬಂದಿತು. ಓದಿದೆ. ಅದರಲ್ಲಿ ನಮ್ಮ ಕಡೆಯ ಬೀಸುವ ಹಾಡುಗಳ ಒಳ್ಳೆಯ ಸಂಗ್ರಹವಿತ್ತು. ಒಂದು ಹಾಡಿನ ಕೆಳಗೆ ಅದನ್ನು ಹಾಡಿದ ಮುದುಕಿಯ ಹೆಸರು, ಊರು, ವಯಸ್ಸುಗಳನ್ನು ಆ ಶಿಕ್ಷಕರು ನಮೂದಿಸಿದ್ದರು. ಲಕ್ಕಮ್ಮನ ಅಂಕಿತವನ್ನು ಕಾಪಾಡಿದ ಕಾರ್ಯಕ್ಕೂ ಇದಕ್ಕೂ ಏನು ವ್ಯತ್ಯಾಸ? ಅವರಿಗೆ ಕಾಗದ ಬರೆದೆ. ಹತ್ತು ಪ್ರತಿಗಳ ಬೆಲೆಯನ್ನು ಕಳುಹಿಸಿದೆ. ಆದರೆ ಆ ಎರಡು ವರ್ಷಗಳನ್ನು ಹಿಂದಿರುಗಿಸಲು ನನ್ನಿಂದಾಗಲಿಲ್ಲ.

ಅಂದಿನಿಂದ ನಾನು ಒಂದು ನೇಮವನ್ನು ಹಿಡಿದಿದ್ದೇನೆ. ಯುಗಾದಿಯ ದಿನ ಆ ಸಂವತ್ಸರದಲ್ಲಿ ಓದಬೇಕಾದ ಹನ್ನೆರಡು ಪುಸ್ತಕಗಳ ಹೆಸರನ್ನು ಬರೆದಿಡುತ್ತೇನೆ. ನಾಲ್ಕು ಪ್ರಾಚೀನ ಗ್ರಂಥಗಳು, ನಾಲ್ಕು ಇತ್ತೀಚಿನ ಶತಮಾನದ ಹಿರಿಯರವು, ನಾಲ್ಕು ನಮ್ಮ ಜಿಲ್ಲೆಯಲ್ಲಿ ಈಗ ಬಾಳುತ್ತಿರುವ, ತಮ್ಮ ಕೈಯಿಂದಲೇ ಅಚ್ಚುಹಾಕಿಸಿಕೊಳ್ಳುವ ಲೇಖಕರವು. ಕೊನೆಯ ನಾಲ್ಕನ್ನು ಬೆಲೆ ಕೊಟ್ಟೇ ಕೊಳ್ಳುತ್ತೇನೆ. ಓದಿ ಮುಗಿದ ಮೇಲೆ ಬರೆದವರಿಗೆ ಒಂದು ಕಾಗದವನ್ನು ಹಾಕುತ್ತೇನೆ. ಮೆಚ್ಚಿದುದನ್ನು ಮೆಚ್ಚಿದೆನೆಂದೂ, ಒಪ್ಪದುದನ್ನು ಒಪ್ಪಲಿಲ್ಲವೆಂದೂ ಬರೆಯುತ್ತೇನೆ. ಬರೆಯುವವನಿಗೆ ಹೊಗಳಿಕೆಗಿಂತಲೂ ಒಬ್ಬರು ಪೂರ್ತಿ ಓದಿದರೆಂಬ ಸುದ್ದಿಯೇ ಹೆಚ್ಚಿನ ಬಲವೆಂಬುದನ್ನು ಅವರ ಮರುಟಪ್ಪಾಲುಗಳಿಂದ ಅರಿತಿದ್ದೇನೆ.

ನಮ್ಮ ವಿದ್ಯಾಲಯವೂ ಇಂಥದೊಂದು ವಾರ್ಷಿಕ ಪಟ್ಟಿಯನ್ನು ಸಿದ್ಧಪಡಿಸಬಾರದೇಕೆ? ಅಧ್ಯಾಪಕರು ತರಗತಿಗೆ ತಕ್ಕಂತೆ ಪುಸ್ತಕಗಳನ್ನು ಆರಿಸಲಿ. ಹಳೆಯ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಬರೆಯುತ್ತಿರುವವರ ಹೆಸರುಗಳನ್ನು ತಿಳಿಸಲಿ. ರಾಯಚೂರಿನವರು ರಾಯಚೂರಿನವು, ದೇವದುರ್ಗ ಮಾನ್ವಿಗಳವರು ತಮ್ಮ ಕಡೆಯವು. ದಾನಿಗಳು ಕಟ್ಟಡಕ್ಕೂ ಗಡಿಯಾರಕ್ಕೂ ಬೆಂಚಿಗೂ ಉದಾರವಾಗಿ ನೀಡಿದ್ದಾರೆ. ಅವರ ಹೆಸರುಗಳು ಶಿಲೆಯಲ್ಲಿವೆ. ಒಂದು ಬೆಂಚಿಗೆ ತಗಲುವ ವೆಚ್ಚದಲ್ಲಿ ಒಬ್ಬ ಸ್ವತಂತ್ರ ಲೇಖಕನ ಇಪ್ಪತ್ತು ಮೂವತ್ತು ಪ್ರತಿಗಳನ್ನು ಕೊಂಡು ಮಕ್ಕಳ ಕೈಗೆ ಕೊಡಬಹುದು. ಅದು ಆ ಲೇಖಕನ ಮುಂದಿನ ಪುಸ್ತಕದ ಕಾಗದದ ಬೆಲೆಯಾದೀತು. ಓದಿದ ಮಕ್ಕಳಲ್ಲಿ ಒಬ್ಬನಾದರೂ, ಒಬ್ಬಳಾದರೂ, ಮನೆಯ ಜಗಲಿಯ ಮೇಲಿನ ಕಟ್ಟನ್ನು ಬಿಚ್ಚಿ ನೋಡುವ ಮನಸ್ಸು ಮಾಡಿಯಾರು.

ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಇದು ನಮಗೆ ಸಲ್ಲದೆಂದು ಲಕ್ಕಮ್ಮನು ತಿಳಿಹೇಳಿ ಅದನ್ನು ಮರಳಿ ಚೆಲ್ಲಿ ಬರಲು ಕಳುಹಿಸಿದಳೆಂದು ಶರಣರ ಚರಿತ್ರೆ ಹೇಳುತ್ತದೆ. ಅಂದಿನ ಕಾಯಕಕ್ಕೆ ಅಂದಿನಷ್ಟೇ ಸಾಕು, ಮಿಕ್ಕುದು ಸಮುದಾಯದ್ದು ಎಂಬುದು ಅದರ ತಾತ್ಪರ್ಯ. ಹಳಕಟ್ಟಿಯವರು ಓದಿನಲ್ಲಿ ಆ ಧರ್ಮವನ್ನು ನಡೆಯಿಸಿದರು. ಅವರು ಆಯ್ದು ತಂದುದನ್ನು ತಮ್ಮ ಮನೆಯಲ್ಲಿಡಲಿಲ್ಲ. ಇಡಲು ಮನೆಯನ್ನೂ ಉಳಿಸಿಕೊಳ್ಳಲಿಲ್ಲ. ಮುಂದಿನ ಜುಲೈ 2ರಂದು ಆ ಪುಣ್ಯಪುರುಷರ ಭಾವಚಿತ್ರದ ಮುಂದೆ ಹೂವಿನ ಮಾಲೆಯ ಜೊತೆಗೆ, ಆ ವರ್ಷ ನಾವು ಕೊಂಡು ಓದಿದ ಪುಸ್ತಕಗಳ ಪಟ್ಟಿಯನ್ನೂ ಇಡುವಂತಾಗಲಿ. ಶ್ರೀಗುರುವಿನ ಕೃಪೆಯಿಂದ ನಮ್ಮ ಮಕ್ಕಳಿಗೆ ಓದುವ ಕಣ್ಣು, ನಮ್ಮ ದಾನಿಗಳಿಗೆ ಪುಸ್ತಕವನ್ನು ಕಾಣುವ ಮನಸ್ಸು ಲಭಿಸಲಿ ಎಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.